ಚಳಿಯಿಲ್ಲದ ಚಳಿಗಾಲ, ನಿದ್ದೆಯಿಲ್ಲದ ಹಬ್ಬ

ಡಿಸೆಂಬರ್ ಬಂತೆಂದರೆ ಟಿವಿ ಜಾಹೀರಾತುಗಳಲ್ಲಿ ಉಣ್ಣೆ ಟೊಪ್ಪಿ ತೊಟ್ಟ ಮಕ್ಕಳು ಬರುತ್ತಾರೆ, ಚ್ಯವನಪ್ರಾಶದ ಚಮಚ ಬರುತ್ತದೆ, ಕೋಲ್ಡ್ ಕ್ರೀಮಿನ ಡಬ್ಬಿ ಬರುತ್ತದೆ. ಅದೇ ಹೊತ್ತಿಗೆ ಉಡುಪಿಯ ರಥಬೀದಿಯಲ್ಲಿ ಜನ ಮಧ್ಯಾಹ್ನದ ಸೆಕೆ ತಾಳಲಾರದೆ ಬೊಂಡದ ಗಾಡಿ ಹುಡುಕುತ್ತಿರುತ್ತಾರೆ. ದೆಹಲಿಯ ಚಳಿಗೆ ಹೊಲಿದ ಆರೋಗ್ಯ ಸಲಹೆಯನ್ನು ನಾವು ಕಡಲ ಬದಿಯಲ್ಲಿ ತೊಟ್ಟುಕೊಂಡು ಓಡಾಡುತ್ತಿದ್ದೇವೆ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ನವೆಂಬರಿನಿಂದ ಫೆಬ್ರವರಿಯವರೆಗೆ ಮೈ ಕೆಡುವುದಕ್ಕೆ ಚಳಿ ಒಂದು ಸಣ್ಣ ಕಾರಣ ಮಾತ್ರ. ದೊಡ್ಡ ಕಾರಣಗಳು ಬೇರೆ ಇವೆ: ಬೆಳಗಿನ ಒಣ ಗಾಳಿ, ಹಗಲಿಗೂ ಇರುಳಿಗೂ ಉಷ್ಣತೆಯಲ್ಲಿರುವ ಅಂತರ, ನಿದ್ದೆಗೇಡು, ಒಂದರ ಬೆನ್ನಿಗೆ ಒಂದು ಬರುವ ಊಟದ ಗೌಜಿ. ಹಾಗಾಗಿ ಇಲ್ಲಿನ ಚಳಿಗಾಲದ ಆರೈಕೆಯನ್ನು ಇಲ್ಲಿನ ಹವೆ, ಇಲ್ಲಿನ ಗದ್ದೆ, ಇಲ್ಲಿನ ಪಂಚಾಂಗ ನೋಡಿಯೇ ತೀರ್ಮಾನಿಸಬೇಕು.

ಮೂಡಣ ಗಾಳಿಯ ತಿಂಗಳುಗಳು

ಡಿಸೆಂಬರ್, ಜನವರಿಯ ಮುಂಜಾವದಲ್ಲಿ ಕರಾವಳಿಯ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಮಧ್ಯಾಹ್ನ 32-33 ಡಿಗ್ರಿಗೆ ಏರುತ್ತದೆ. ಮಳೆಗಾಲದಲ್ಲಿ ಈ ಅಂತರ ಸುಮಾರು ಅರ್ಧದಷ್ಟು. ರಾತ್ರಿಯಿಂದ ಬೆಳಗ್ಗೆವರೆಗೆ ಗಾಳಿ ಘಟ್ಟದ ಕಡೆಯಿಂದ ಕಡಲಿನತ್ತ ಬೀಸುತ್ತದೆ. ಈ ಮೂಡಣ ಗಾಳಿಯಲ್ಲಿ ತೇವ ಕಡಿಮೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ತಿರುಗಿದಾಗ ಮತ್ತೆ ಬೆವರು. ತುಟಿ ಒಡೆಯುವುದು, ಹಿಮ್ಮಡಿ ಸೀಳುವುದು, ಬೆಳಗೆದ್ದಾಗ ಗಂಟಲು ಕೆರೆಯುವುದು ಎಲ್ಲವೂ ಈ ಒಣಗಾಳಿಯ ಫಲ.

ನಾಲ್ಕೂ ಊರುಗಳ ಚಳಿ ಒಂದೇ ತೆರನಾಗಿಲ್ಲ. ಕಾಪುವಿನ ದೀಪಸ್ತಂಭದ ಬುಡದಲ್ಲಿ ಕಡಲು ರಾತ್ರಿಯ ಉಷ್ಣತೆಯನ್ನು ಹಿಡಿದಿಡುತ್ತದೆ. ಕಾರ್ಕಳ ಘಟ್ಟದ ಬುಡಕ್ಕೆ ಹತ್ತಿರ. ಅಲ್ಲಿ ಇಬ್ಬನಿ ದಟ್ಟ, ಬೆಳಗಿನ ಚಳಿ ಚುರುಕು. ಮಣಿಪಾಲ ಗುಡ್ಡದ ನೆತ್ತಿಯಲ್ಲಿರುವುದರಿಂದ ಗಾಳಿ ಹೆಚ್ಚು. ಇದರ ಜೊತೆಗೆ ಹೊಗೆಯೂ ಸೇರುತ್ತದೆ. ತರಗೆಲೆ ಗುಡಿಸಿ ಬೆಂಕಿ ಹಾಕುವುದು, ತೋಟಕ್ಕೆ ಸುಡುಮಣ್ಣು ಮಾಡುವುದು, ಬಚ್ಚಲ ಹಂಡೆಗೆ ಉರಿ ಹಾಕುವುದು ಇದೇ ತಿಂಗಳುಗಳಲ್ಲಿ. ಬೆಳಗಿನ ತಂಪು ಗಾಳಿಯಲ್ಲಿ ಹೊಗೆ ಮೇಲೇರದೆ ಕೆಳಗೇ ನಿಲ್ಲುತ್ತದೆ. ಉಬ್ಬಸ ಇರುವವರಿಗೆ ಚಳಿಗಿಂತ ಈ ಹೊಗೆ ಹೆಚ್ಚು ಕಾಟ ಕೊಡುತ್ತದೆ. ಮನೆಯಲ್ಲಿ ಅಂಥವರಿದ್ದರೆ ತರಗೆಲೆಯನ್ನು ಸುಡದೆ ತೆಂಗಿನ ಬುಡಕ್ಕೆ ಹಾಕುವುದೇ ಮೊದಲ ಮದ್ದು.

ಗ್ರಂಥದ ಹೇಮಂತ

ಚಳಿಗಾಲದ ಪಥ್ಯದ ಮಾತು ಬಂದಾಗ ಎಲ್ಲರೂ ಆಯುರ್ವೇದದ ಋತುಚರ್ಯೆಯನ್ನು ಹೇಳುತ್ತಾರೆ. ಚರಕ ಸಂಹಿತೆಯ ಸೂತ್ರಸ್ಥಾನದ 6ನೇ ಅಧ್ಯಾಯ ಇದಕ್ಕೆ ಆಧಾರ. ಹೇಮಂತದಲ್ಲಿ ಜಠರಾಗ್ನಿ ಪ್ರಬಲ; ಸಾಕಷ್ಟು ಆಹಾರ ಸಿಗದಿದ್ದರೆ ಅದು ದೇಹದ ರಸವನ್ನೇ ಸುಡುತ್ತದೆ; ಆದ್ದರಿಂದ ಜಿಡ್ಡು, ಸಿಹಿ, ಹುಳಿ, ಉಪ್ಪಿನ ಗಟ್ಟಿ ಆಹಾರ ಬೇಕು, ಹಾಲಿನ ಪದಾರ್ಥ, ಕಬ್ಬಿನ ರಸ, ಮಾಂಸ ಬೇಕು, ಎಣ್ಣೆ ಹಚ್ಚಿ ಬಿಸಿನೀರಿನ ಸ್ನಾನ ಬೇಕು, ಬೆಚ್ಚನೆಯ ಕೋಣೆ ಬೇಕು ಎಂಬುದು ಅಲ್ಲಿನ ಉಪದೇಶ. ಹಿಮದ ಗಾಳಿ ತಾಗುವ ಉತ್ತರದ ನಾಡಿಗೆ ಅದು ಒಪ್ಪುವ ಮಾತು.

ಆದರೆ ಅದೇ ಶಾಸ್ತ್ರ ಋತುವಿನಷ್ಟೇ ದೇಶವನ್ನೂ ಗಮನಿಸು ಎನ್ನುತ್ತದೆ. ಒಣನಾಡು ಜಾಂಗಲ, ನೀರು ಹೆಚ್ಚಿರುವ ನಾಡು ಅನೂಪ, ನಡುವಿನದ್ದು ಸಾಧಾರಣ. ಹೊಳೆ, ಕಡಲು, ತೆಂಗುಗಳ ನಮ್ಮ ಕರಾವಳಿ ಅನೂಪ ದೇಶ, ಕಫ ಬೇಗ ಕೆರಳುವ ನಾಡು. ಇಲ್ಲಿ ಹೇಮಂತದ ಹೆಸರಲ್ಲಿ ತುಪ್ಪ, ಬೆಲ್ಲ, ಕರಿದದ್ದನ್ನು ಅಳತೆಯಿಲ್ಲದೆ ತಿನ್ನುವುದಕ್ಕೆ ಶಾಸ್ತ್ರದ ಒಪ್ಪಿಗೆಯಿಲ್ಲ. ಉಪದೇಶ ಕೇಳುತ್ತಿದ್ದವರು ನಡೆದು, ಉತ್ತು, ಹೊರೆ ಹೊತ್ತು ಬದುಕಿದವರು ಎಂಬುದೂ ನೆನಪಿರಬೇಕು. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ನಡೆಯುತ್ತಿರುವ ಆಯುರ್ವೇದ ಕಾಲೇಜು, 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಕಟ್ಟಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ಎರಡೂ ಕೆಲವೇ ಕಿಲೋಮೀಟರುಗಳ ಅಂತರದಲ್ಲಿವೆ. ಎರಡೂ ಕಡೆಯ ವಿದ್ಯೆ ಒಂದಾಗುವ ವಿಷಯ ಒಂದಿದೆ: ಊಟ ದುಡಿಮೆಗೆ ತಕ್ಕಷ್ಟಿರಬೇಕು.

ಗದ್ದೆ, ಕಡಲು ಕೊಡುವುದು

ಊರಿನ ಬೆಳೆಯನ್ನು ನೋಡಿದರೆ ಚಳಿಗಾಲದ ಊಟದ ಅರ್ಧ ಪಾಠ ಅಲ್ಲೇ ಇದೆ. ಮಳೆಗಾಲದ ಭತ್ತ ಕೊಯ್ದ ಮೇಲೆ ಗದ್ದೆಯಲ್ಲಿ ಉಳಿದ ತೇವದಲ್ಲೇ ಉದ್ದು, ಹೆಸರು, ಹುರುಳಿ, ಅಲಸಂಡೆ ಬೆಳೆಯುತ್ತವೆ. ಮನೆಯ ಹಿಂದೆ ಹರಿವೆ, ಬಸಳೆ, ತೊಂಡೆ, ಬೆಂಡೆ. ಜನವರಿ ದಾಟುತ್ತಿದ್ದಂತೆ ಹಲಸಿನ ಗುಜ್ಜೆ. ತುಳಸಿ ಪೂಜೆಯ ದಿನ ಕಟ್ಟೆಯಲ್ಲಿ ನೆಡುವ ನೆಲ್ಲಿಕಾಯಿಯ ಗೆಲ್ಲು ಆ ಕಾಯಿಯ ಋತು ಶುರುವಾಯಿತೆಂದು ಸಾರುತ್ತದೆ. ವಿಟಮಿನ್ ಸಿ ಲೆಕ್ಕದಲ್ಲಿ ನೆಲ್ಲಿಕಾಯಿ ಕಿತ್ತಳೆಗಿಂತ ಹಲವು ಪಟ್ಟು ಮೇಲು. ಸಕ್ಕರೆ ಪಾಕದಲ್ಲಿ ಮುಳುಗಿಸಿ ಡಬ್ಬಿಯಲ್ಲಿ ಮಾರುವ ಲೇಹ್ಯಕ್ಕಿಂತ ಒಂದು ಹಸಿ ನೆಲ್ಲಿಕಾಯಿಯ ತಂಬುಳಿ ಅಗ್ಗವೂ ಹೌದು, ಲೇಸೂ ಹೌದು.

ಕಾಪು ತಾಲೂಕಿನ ಮಟ್ಟು ಎಂಬ ಕಡಲ ಬದಿಯ ಊರಿನ ಗುಳ್ಳದ ಕೊಯ್ಲು ನಡೆಯುವುದೂ ಈ ತಿಂಗಳುಗಳಲ್ಲೇ. ವಾದಿರಾಜ ಯತಿಗಳು ಕೊಟ್ಟ ಬೀಜದಿಂದ ಬಂದದ್ದೆಂದು ಊರವರು ನಂಬುವ ಈ ಹಸಿರು ಗೆರೆಯ ದುಂಡು ಬದನೆಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಸಿಪ್ಪೆ ತೆಳು, ಕಹಿ ಕಡಿಮೆ, ಬೆಂದರೆ ಬೆಣ್ಣೆ. ಗುಳ್ಳದ ಹುಳಿ, ಸುಟ್ಟು ಮಾಡಿದ ಗೊಜ್ಜು ಹಬ್ಬದ ಊಟದಲ್ಲಿ ಹೊಟ್ಟೆ ತುಂಬಿಸುವ, ಭಾರವಾಗದ ಪದಾರ್ಥಗಳು. ಅದನ್ನು ಪೋಡಿ ಮಾಡಿ ಎಣ್ಣೆಯಲ್ಲಿ ಕರಿದರೆ ಬದನೆಯೇ ಸ್ಪಂಜಿನಂತೆ ಎಣ್ಣೆ ಹೀರಿಕೊಳ್ಳುತ್ತದೆ. ಲಾಭ ಅಲ್ಲಿಗೆ ಮುಗಿಯಿತು.

ಕಡಲಿನದ್ದೂ ಇದೇ ಕಥೆ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಮುಗಿದು ಮಲ್ಪೆ ಬಂದರು ಈ ಹೊತ್ತಿಗೆ ಪೂರ್ತಿ ಚಾಲೂ. ಹಬ್ಬಕ್ಕೆ ಬಂದ ನೆಂಟರ ಮುಂದೆ ಅಂಜಲ್ ಇಟ್ಟರೆ ಮರ್ಯಾದೆ ಎಂಬ ಭಾವನೆ ಇದೆ. ಆದರೆ ಹೃದಯಕ್ಕೆ ಒಳ್ಳೆಯದೆನ್ನುವ ಒಮೆಗಾ-3 ಕೊಬ್ಬು ಧಾರಾಳವಾಗಿರುವುದು ಅಗ್ಗದ ಬೂತಾಯಿ, ಬಂಗುಡೆಗಳಲ್ಲಿ. ಮುಳ್ಳು ಸಹಿತ ತಿನ್ನುವ ಸಣ್ಣ ಮೀನಿನಿಂದ ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಕೂಡ ಸಿಗುತ್ತದೆ. ರವೆ ಮೆತ್ತಿ ಕರಿಯುವುದಕ್ಕಿಂತ ಪುಳಿಮುಂಚಿ ಮಾಡುವುದು ಮೇಲು.

ಕುಚ್ಚಲಕ್ಕಿಯ ಬಗ್ಗೆ ಎರಡು ಮಾತು. ಭತ್ತವನ್ನು ಸಿಪ್ಪೆಸಹಿತ ಬೇಯಿಸಿ ಒಣಗಿಸುವಾಗ ತೌಡಿನಲ್ಲಿರುವ ಬಿ ವಿಟಮಿನ್‌ಗಳು ಕಾಳಿನೊಳಗೆ ಇಳಿಯುತ್ತವೆ. ಬೆಳ್ತಿಗೆಗಿಂತ ಅದು ಒಳ್ಳೆಯದೇ. ಹಾಗೆಂದು ಮೂರು ಹೊತ್ತೂ ಗುಡ್ಡೆ ಹಾಕಿ ಉಣ್ಣಬಹುದೆಂದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ 2000 ಕಿಲೋಕ್ಯಾಲೊರಿಯ ದಿನದ ಊಟಕ್ಕೆ ಕೊಟ್ಟ ಲೆಕ್ಕ ಹೀಗಿದೆ: ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ. ನಮ್ಮ ತಟ್ಟೆಯಲ್ಲಿ ಅನ್ನ ಈ ಅಳತೆ ಮೀರುವುದು ಸುಲಭ. ತರಕಾರಿ ಅದನ್ನು ಮುಟ್ಟುವುದೇ ಅಪರೂಪ. ಚಳಿಗಾಲದಲ್ಲಿ ಗದ್ದೆಯೇ ಕಾಳು, ಸೊಪ್ಪು ಕೊಡುತ್ತಿರುವಾಗ ಈ ಕೊರತೆ ತುಂಬಿಸಲು ಬೇರೆ ಮುಹೂರ್ತ ಬೇಕಿಲ್ಲ.

ಸಂಯಮದ ತಿಂಗಳಲ್ಲಿ ಗೌಜಿ

ನಮ್ಮ ಪಂಚಾಂಗದಲ್ಲಿ ಒಂದು ಜಾಣ್ಮೆ ಇತ್ತು. ಡಿಸೆಂಬರ್ ಮಧ್ಯದಿಂದ ಮಕರ ಸಂಕ್ರಾಂತಿಯವರೆಗಿನ ಧನುರ್ಮಾಸದಲ್ಲಿ ಹಿಂದೂ ಮನೆಗಳಲ್ಲಿ ಮದುವೆಯಿಲ್ಲ. ದೇವಸ್ಥಾನಗಳಲ್ಲಿ ನಸುಕಿನ ಧನುಪೂಜೆ, ಹುಗ್ಗಿಯ ನೈವೇದ್ಯ. ಇದು ಉತ್ತರ ಕರ್ನಾಟಕದ ಗೋಧಿ ಹುಗ್ಗಿಯಲ್ಲ. ಅಕ್ಕಿ, ಹೆಸರುಬೇಳೆ, ಶುಂಠಿ, ಕಾಳುಮೆಣಸು, ಜೀರಿಗೆ, ತೆಂಗಿನಕಾಯಿ ಸೇರಿದ ಬಿಸಿ ಖಾದ್ಯ. ಅಕ್ಕಿಯಲ್ಲಿ ಕೊರತೆಯಿರುವ ಪ್ರೋಟೀನಿನ ಅಂಶವನ್ನು ಬೇಳೆ ತುಂಬುತ್ತದೆ. ಬೆಳಗಿನ ತಿಂಡಿಗೆ ಬನ್ಸ್, ಗೋಳಿಬಜೆ ತಿನ್ನುವವರಿಗೆ ಇದಕ್ಕಿಂತ ಒಳ್ಳೆಯ ಬದಲಿ ಸಿಗುವುದು ಕಷ್ಟ.

ಕ್ರೈಸ್ತರಿಗೂ ಕ್ರಿಸ್ಮಸ್ ಮೊದಲಿನ ನಾಲ್ಕು ವಾರ ಆಗಮನ ಕಾಲ. ಮದುವೆಯ ಗೌಜಿ ಸಾಮಾನ್ಯವಾಗಿ ಇರುವುದಿಲ್ಲ. ಅದೇನಿದ್ದರೂ ಕ್ರಿಸ್ಮಸ್ ಕಳೆದ ಮೇಲೆ, ಕೊಲ್ಲಿಯಿಂದ ಮನೆಮಂದಿ ಬಂದಾಗ. ಕಾರ್ಕಳದ ಜೈನರಲ್ಲಿ ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ರೂಢಿ. ಡಿಸೆಂಬರಿನಲ್ಲಿ ಅಂದರೆ ಸಂಜೆ ಆರರ ಹೊತ್ತಿಗೆ. ತಡರಾತ್ರಿ ಉಂಡರೆ ಅದೇ ಊಟ ರಕ್ತದ ಸಕ್ಕರೆಯನ್ನು ಹೆಚ್ಚು ಏರಿಸುತ್ತದೆ ಎಂದು ಇಂದಿನ ಅಧ್ಯಯನಗಳೂ ಹೇಳುತ್ತವೆ. ಮೂರು ಮತಗಳು ಬೇರೆ ಬೇರೆ ಕಾರಣಕ್ಕೆ ಹಾಕಿಕೊಂಡ ಕಟ್ಟುಪಾಡುಗಳು ಹೊಟ್ಟೆಗೆ ಒಂದೇ ಬಗೆಯ ಬಿಡುವು ಕೊಡುತ್ತಿದ್ದವು.

ಆ ಬಿಡುವು ಈಗ ಪ್ರವಾಸ ಮತ್ತು ಹೊಸವರ್ಷದ ಪಾಲಾಗಿದೆ. ಶಾಲೆಗೆ ರಜೆ, ಬೆಂಗಳೂರಿನಿಂದ ನೆಂಟರು, ಮಲ್ಪೆ ಮತ್ತು ಕಾಪು ಕಡಲತೀರದಲ್ಲಿ ಕಾಲಿಡಲು ಜಾಗವಿಲ್ಲ. ಅದು ಮುಗಿಯುವಷ್ಟರಲ್ಲಿ ಕೃಷ್ಣಮಠದ ಸಪ್ತೋತ್ಸವ, ಎರಡು ವರ್ಷಕ್ಕೊಮ್ಮೆ ಮಠದ ಪೂಜಾಧಿಕಾರ ಕೈಬದಲಾಗುವ ಜನವರಿ 18ರ ಪರ್ಯಾಯ, ತಿಂಗಳ ಕೊನೆಗೆ ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಬಸಿಲಿಕದ ಜಾತ್ರೆ, ನಡುವೆ ಕಂಬಳ, ನೇಮ, ಮದುವೆ.

ಕ್ರಿಸ್ಮಸ್ಸಿನ ಕುಸ್ವಾರ್ ತಟ್ಟೆಯನ್ನೇ ನೋಡಿ. ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸ್, ಚಕ್ಕುಲಿ, ಲಾಡು, ಕೇಕು. ಹೆಚ್ಚಿನವು ಎಣ್ಣೆಯಲ್ಲಿ ಕರಿದವು ಇಲ್ಲವೇ ಸಕ್ಕರೆ ತುಂಬಿದವು. ಆದರೆ ಅದರ ಮೂಲ ರೀತಿ ಹಂಚುವುದು: ನೆರೆಮನೆಗೆ ಒಂದೊಂದು ಬಗೆಯ ಒಂದೆರಡು ತುಂಡು. ಆ ರೀತಿಯಲ್ಲಿ ತಿಂದರೆ ಯಾರಿಗೂ ತೊಂದರೆಯಿಲ್ಲ. ಅದೇ ತಿನಿಸು ಕಿಲೋ ಲೆಕ್ಕದಲ್ಲಿ ಪ್ಯಾಕೆಟಾಗಿ ಜನವರಿಯವರೆಗೂ ಊಟದ ಮೇಜಿನ ಮೇಲೆ ಕುಳಿತಾಗ ಲೆಕ್ಕ ತಪ್ಪುತ್ತದೆ. ಬೇಕರಿ ತಿನಿಸಿನ ಟ್ರಾನ್ಸ್ ಕೊಬ್ಬಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಶೇ. 2ರ ಮಿತಿ ಹಾಕಿದೆ. ಸಕ್ಕರೆಗೆ ಅಂಥ ಕಾವಲು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯನ್ನು ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಮಾಡಿ, ಸಾಧ್ಯವಾದರೆ ಶೇ. 5ಕ್ಕೆ ಇಳಿಸಿ ಎನ್ನುತ್ತದೆ. ಅಂದರೆ ಸುಮಾರು 25 ಗ್ರಾಂ. ಒಂದು ಲೋಟ ಪಾಯಸ, ಒಂದು ಹೋಳಿಗೆಗೆ ಅದು ಮುಗಿದೇ ಹೋಗುತ್ತದೆ. ಬೆಲ್ಲ ಹಾಕಿದೆ ಎಂದ ಮಾತ್ರಕ್ಕೆ ದೇಹ ರಿಯಾಯಿತಿ ಕೊಡುವುದಿಲ್ಲ.

ಇಷ್ಟು ಲೆಕ್ಕ ಯಾಕೆಂದರೆ, 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಶೇ. 15.3 ಮಂದಿ ಅದರ ಹೊಸ್ತಿಲಲ್ಲಿದ್ದಾರೆ, ಶೇ. 35.5 ಮಂದಿಗೆ ಅಧಿಕ ರಕ್ತದೊತ್ತಡ. ಹಬ್ಬದ ಎಲೆಗೆ ಕುಳಿತ ಪಂಕ್ತಿಯಲ್ಲಿ ಇವರೆಲ್ಲ ಇದ್ದೇ ಇರುತ್ತಾರೆ. ಅವರಿಗೆ ಉಪ್ಪಿನಕಾಯಿ, ಹಪ್ಪಳ, ಒಣಮೀನು ಬರೀ ರುಚಿಯಲ್ಲ; ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ದಾಟಿಸುವ ದಾರಿ. ಬಡಿಸುವವರು "ಇನ್ನೊಂದು ಸ್ವಲ್ಪ" ಎಂದು ಒತ್ತಾಯ ಮಾಡದಿರುವುದೂ ಈಗ ಆತಿಥ್ಯವೇ.

ಮೈಗೆ ಎಣ್ಣೆ, ಗಂಟಲಿಗೆ ಕಷಾಯ

ಒಣಗಾಳಿಗೆ ಊರಿನ ಮದ್ದು ತೆಂಗಿನೆಣ್ಣೆ. ಒಣ ಚರ್ಮದವರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಫಿಲಿಪ್ಪೀನ್ಸಿನ ಪ್ರಯೋಗವೊಂದರಲ್ಲಿ ತೆಂಗಿನೆಣ್ಣೆ, ಕ್ರೀಮುಗಳಲ್ಲಿ ಬಳಸುವ ಮಿನರಲ್ ಎಣ್ಣೆಗೆ ಸರಿಸಮನಾಗಿ ಕೆಲಸ ಮಾಡಿತು. ಹಚ್ಚುವ ಹೊತ್ತು ಮುಖ್ಯ: ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ. ಹಂಡೆಯ ಸುಡುನೀರು ಹಿತವೆನಿಸಿದರೂ ಚರ್ಮದ ಸಹಜ ಜಿಡ್ಡನ್ನು ತೆಗೆದುಬಿಡುತ್ತದೆ, ಉಗುರುಬೆಚ್ಚಗೆ ಸಾಕು. ಸೋಪಿಗೆ ಬದಲು ಹೆಸರುಹಿಟ್ಟು, ಕಡಲೆಹಿಟ್ಟು ಮೃದು. ಸೀಳಿದ ಹಿಮ್ಮಡಿಗೆ ಪುನರ್ಪುಳಿಯ ಬೀಜದಿಂದ ತೆಗೆಯುವ ಮುರುಗಲ ತುಪ್ಪ ಮಲೆನಾಡು, ಕರಾವಳಿಯ ಹಳೆಯ ಮದ್ದು. ಮಧುಮೇಹ ಇರುವವರು ಮಾತ್ರ ಪಾದದ ಸೀಳನ್ನು ಮನೆಮದ್ದಿಗೆ ಬಿಡದೆ ವೈದ್ಯರಿಗೆ ತೋರಿಸಬೇಕು. ಮೈಗೆ ಹಚ್ಚಲು ಒಳ್ಳೆಯದಾದ ತೆಂಗಿನೆಣ್ಣೆ ಅಡುಗೆಯಲ್ಲಿ ಸುರಿಯಲು ಒಳ್ಳೆಯದೆಂದಾಗುವುದಿಲ್ಲ. ಅದರ ಕೊಬ್ಬಿನಲ್ಲಿ ಹತ್ತರಲ್ಲಿ ಎಂಟು ಪಾಲಿಗೂ ಮಿಕ್ಕಿ ಪರ್ಯಾಪ್ತ ಕೊಬ್ಬು.

ಶೀತ, ಕೆಮ್ಮಿಗೆ ಮನೆಮದ್ದು ಹಲವು. ಕೊತ್ತಂಬರಿ, ಜೀರಿಗೆ ಕಷಾಯ, ಶುಂಠಿ, ಕಾಳುಮೆಣಸು, ಸಾಂಬ್ರಾಣಿ ಸೊಪ್ಪಿನ ತಂಬುಳಿ, ಉಪ್ಪುನೀರಿನ ಮುಕ್ಕಳಿಕೆ, ಬಿಸಿ ಗಂಜಿ. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಗಂಟಲಿಗೆ ಹಿತ ಕೊಡುತ್ತವೆ, ನೀರಿನಂಶ ತುಂಬುತ್ತವೆ, ಕಾಯಿಲೆ ತಾನಾಗಿ ಇಳಿಯುವವರೆಗೆ ಆಸರೆಯಾಗುತ್ತವೆ. ಮಕ್ಕಳ ಕೆಮ್ಮಿಗೆ ಜೇನು ಉಪಯೋಗಕಾರಿ ಎಂದು 2018ರ ಕಾಕ್ರೇನ್ ಸಮೀಕ್ಷೆಯೂ ಹೇಳಿದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಕೂಡದು. ಮಕ್ಕಳಿಗೆ ಕುದಿನೀರಿನ ಹಬೆ ಹಿಡಿಸುವುದರಿಂದ ಆಗುವ ಲಾಭಕ್ಕಿಂತ ಸುಟ್ಟುಕೊಳ್ಳುವ ಅಪಾಯ ದೊಡ್ಡದು.

ಕೋವಿಡ್ ಕಾಲದಿಂದ ಕಷಾಯ ದಿನದ ಕುಡಿತವಾಗಿ ಬಿಟ್ಟಿದೆ. ಜ್ಯೇಷ್ಠಮಧು ಹೆಚ್ಚಾದರೆ ರಕ್ತದೊತ್ತಡ ಏರುತ್ತದೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ನಮ್ಮ ಹಿರಿಯರ ರೀತಿ ಗಮನಿಸುವಂಥದ್ದು: ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ ವರ್ಷಕ್ಕೆ ಒಮ್ಮೆ ಮಾತ್ರ, ಅದೂ ಮರ ಗುರುತಿಸಬಲ್ಲವರು ತಂದ ತೊಗಟೆಯಿಂದ. ನೈಸರ್ಗಿಕ ಮದ್ದಿಗೂ ಅಳತೆ, ಅವಧಿ, ಅರಿವು ಬೇಕು.

ನಿದ್ದೆಯ ಸಾಲ

ಈ ಋತುವಿನ ದೊಡ್ಡ ಹಾನಿ ನಿದ್ದೆಯದು. ನವೆಂಬರಿನಲ್ಲಿ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ನೇಮ, ಕಂಬಳಗಳು ರಾತ್ರಿಯನ್ನು ನುಂಗುತ್ತವೆ. ಪರ್ಯಾಯದ ದಿನ ಪೀಠವೇರುವ ಸ್ವಾಮಿಗಳು ಕಾಪು ಬಳಿಯ ದಂಡತೀರ್ಥದಲ್ಲಿ ಮುಳುಗಿ ನಸುಕಿಗೆ ಜೋಡುಕಟ್ಟೆಗೆ ಬರುವಾಗ ಇಡೀ ಉಡುಪಿ ಎಚ್ಚರವಿರುತ್ತದೆ. ಮಣಿಪಾಲದ ವಿದ್ಯಾರ್ಥಿಗಳ ರಾತ್ರಿಗೆ ಪರೀಕ್ಷೆ, ಮೊಬೈಲು, ತಡರಾತ್ರಿಯ ತಿಂಡಿ ಇವೆ.

2015ರಲ್ಲಿ ಅಮೆರಿಕದ ಸಂಶೋಧಕರು 164 ಮಂದಿಯ ಮೂಗಿಗೆ ಶೀತದ ವೈರಸ್ಸನ್ನೇ ಹಾಕಿ ನೋಡಿದ್ದರು. ಏಳು ಗಂಟೆಗಿಂತ ಹೆಚ್ಚು ಮಲಗಿದವರಿಗೆ ಹೋಲಿಸಿದರೆ ಆರು ಗಂಟೆಗಿಂತ ಕಡಿಮೆ ಮಲಗಿದವರಿಗೆ ಶೀತ ಹಿಡಿಯುವ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಕಂಬಳದ ಮರುದಿನದ ಶೀತಕ್ಕೆ ಇಬ್ಬನಿಯನ್ನು ಬೈಯುವ ಮೊದಲು ಕಳೆದ ರಾತ್ರಿಯ ನಿದ್ದೆಯನ್ನು ಎಣಿಸಬೇಕು. ಆಟ ನೋಡಬೇಡಿ ಎನ್ನುವವನಲ್ಲ ನಾನು. ವಾರದಲ್ಲಿ ಒಂದು ರಾತ್ರಿ ಆಟಕ್ಕೆ, ಮರುದಿನದ ಮಧ್ಯಾಹ್ನ ಮಲಗುವುದಕ್ಕೆ ಎಂದು ಮೊದಲೇ ಇಟ್ಟುಕೊಂಡರೆ ಸರಿ. ನಿದ್ದೆಗೆಟ್ಟು ಬೈಕು ಓಡಿಸಿ ಮನೆಗೆ ಹೊರಡುವುದಂತೂ ಬೇಡವೇ ಬೇಡ. ಕೆಲವು ಮೇಳಗಳು ಕಾಲಮಿತಿಗೆ ಬಂದಿರುವುದು ಕಲೆಯ ದೃಷ್ಟಿಯಿಂದ ಚರ್ಚೆಯ ವಿಷಯವಾದರೂ ಪ್ರೇಕ್ಷಕನ ಆರೋಗ್ಯಕ್ಕೆ ಲಾಭ.

ನಿದ್ದೆಯಂತೆಯೇ ನೀರೂ ಮರೆತುಹೋಗುತ್ತದೆ. ಬೆಳಗಿನ ತಂಪಿಗೆ ಬಾಯಾರಿಕೆ ತಿಳಿಯುವುದಿಲ್ಲ, ಮಧ್ಯಾಹ್ನದ ಬೆವರು ನಿಲ್ಲುವುದಿಲ್ಲ. ಬಂದವರಿಗೆ ನೀರು, ಬೆಲ್ಲ ಕೊಡುವ ನಮ್ಮ ಮರ್ಯಾದೆಯಲ್ಲಿ ನೀರಿನ ಪಾಲನ್ನು ಹೆಚ್ಚಿಸಿ ಬೆಲ್ಲದ್ದನ್ನು ತಗ್ಗಿಸಬಹುದು. ಮಜ್ಜಿಗೆ ನೀರು ಅದಕ್ಕಿಂತಲೂ ಮೇಲು.

ರಜೆಯ ನಡಿಗೆ, ಕಾಡಿನ ಎಚ್ಚರ

ನಡೆಯಲು ವರ್ಷದಲ್ಲೇ ಒಳ್ಳೆಯ ತಿಂಗಳುಗಳಿವು. ಮಣಿಪಾಲದ ಎಂಡ್ ಪಾಯಿಂಟ್, ಕಾಪುವಿನ ಮರಳು, ಕಾರ್ಕಳದ ಆನೆಕೆರೆಯ ದಂಡೆ, 1432ರ ಗೊಮ್ಮಟನ ಬೆಟ್ಟದ ಮೆಟ್ಟಿಲು, ಯಾವುದಕ್ಕೂ ಜಿಮ್ಮಿನ ಶುಲ್ಕವಿಲ್ಲ. ಉಬ್ಬಸ, ಹೃದ್ರೋಗ ಇರುವವರು ಇಬ್ಬನಿ ಕರಗಿ ಬಿಸಿಲು ಬಿದ್ದ ಮೇಲೆ ಹೊರಟರೆ ಸಾಕು. ಊಟದ ಗೌಜಿ ಇದ್ದ ದಿನ ಊಟದ ನಂತರ ಹತ್ತು ಹದಿನೈದು ನಿಮಿಷ ನಡೆದರೂ ಸಕ್ಕರೆಯ ಏರಿಕೆ ತಗ್ಗುತ್ತದೆ.

ಘಟ್ಟದ ಬುಡಕ್ಕೆ ಚಾರಣ ಹೋಗುವವರಿಗೆ ಬೇರೆ ಎಚ್ಚರ ಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಹೆಚ್ಚುವುದು ಡಿಸೆಂಬರಿನಿಂದ ಮೇವರೆಗೆ, ಉಣ್ಣೆಹುಳು ಕಚ್ಚುವುದರಿಂದ. 2019ರಲ್ಲಿ ಸಾಗರದ ಅರಳಗೋಡು ಕಡೆ ಅದು ಹರಡಿದಾಗ ರೋಗಿಗಳು ಮಣಿಪಾಲದ ಆಸ್ಪತ್ರೆಗೇ ಬಂದಿದ್ದರು. ಕಾಡಂಚಿನಲ್ಲಿ ತರಗೆಲೆ ಗುಡಿಸುವವರಿಗೂ ಇದೇ ಮಾತು: ಮೈ ಮುಚ್ಚುವ ಬಟ್ಟೆ, ಆರೋಗ್ಯ ಇಲಾಖೆ ಕೊಡುವ ಹುಳು ನಿವಾರಕ ಎಣ್ಣೆ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಇಲಾಖೆಗೆ ತಿಳಿಸುವುದು. ಕಾಡು ತಿರುಗಿ ಬಂದ ಮೇಲೆ ಜ್ವರ ಬಂದರೆ ಕಷಾಯ ಕುಡಿದು ಕಾಯಬಾರದು. ಜನವರಿಯಿಂದ ಮಾರ್ಚ್‌ವರೆಗೆ ಇನ್‌ಫ್ಲುಯೆಂಜಾ ಜ್ವರದ ಒಂದು ಅಲೆಯೂ ಇರುತ್ತದೆ. ವಯಸ್ಸಾದವರು, ಶ್ವಾಸಕೋಶ ಅಥವಾ ಹೃದಯದ ತೊಂದರೆಯಿರುವವರು ಅದರ ಲಸಿಕೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಭೂಮಿಗೆ ಮೂರು ದಿನ, ಮನೆಯಾಕೆಗೆ ಎಷ್ಟು?

ಆರೈಕೆಯ ಸಲಹೆಗಳಲ್ಲಿ ಒಂದು ಪ್ರಶ್ನೆ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಧನುರ್ಮಾಸದ ನಸುಕಿನಲ್ಲಿ ಎದ್ದು ಹುಗ್ಗಿ ಬೇಯಿಸುವವರು ಯಾರು? ಹಗಲಿಡೀ ಒಲೆಯ ಮುಂದೆ ಕುಳಿತು ಕುಸ್ವಾರ್ ಕರಿಯುವವರು ಯಾರು? ರಜೆಗೆ ಬಂದ ನೆಂಟರಿಗೆ ನಾಲ್ಕು ಬಗೆಯ ತಿಂಡಿ ಮಾಡಿ ತಾನು ತಣ್ಣಗಾದ ಗಂಜಿ ಉಣ್ಣುವವರು ಯಾರು? ರಜೆ ಎಲ್ಲರಿಗೂ ಇದೆ, ಅಡುಗೆಮನೆಗೆ ಇಲ್ಲ.

ತುಳುನಾಡಿನ ಕೆಡ್ಡಸ ಇದಕ್ಕೆ ಉತ್ತರದಂತಿದೆ. ಫೆಬ್ರವರಿಯ ಎರಡನೇ ವಾರದ ಹೊತ್ತಿಗೆ, ಪೊನ್ನಿ ತಿಂಗಳ ಕೊನೆಯಲ್ಲಿ, ಭೂಮಿತಾಯಿ ಮುಟ್ಟಾಗುತ್ತಾಳೆಂದು ಮೂರು ದಿನ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಮರ ಕಡಿಯುವಂತಿಲ್ಲ. ಹೆಂಗಸರು ಭೂಮಿಗೆ ಎಣ್ಣೆ, ಅರಿಶಿನ ಇಡುತ್ತಾರೆ. ತಿನಿಸು ನನ್ಯೆರಿ: ಅಕ್ಕಿ, ಹುರುಳಿ ಹುರಿದು ಪುಡಿಮಾಡಿ ಬೆಲ್ಲ, ತೆಂಗಿನತುರಿ ಸೇರಿಸಿದ್ದು. ಜೊತೆಗೆ ನುಗ್ಗೆ, ಬದನೆಯ ಪದಾರ್ಥ. ಕರಿಯುವ ಕೆಲಸವಿಲ್ಲ, ಧಾನ್ಯ, ಕಾಳು, ತರಕಾರಿ ಮೂರೂ ಇವೆ. ಚಳಿಗಾಲದ ಹಬ್ಬಗಳಲ್ಲಿ ದೇಹಕ್ಕೆ ಒಪ್ಪುವ ತಟ್ಟೆ ಯಾವುದೆಂದು ಕೇಳಿದರೆ ನನ್ನ ಉತ್ತರ ಕೆಡ್ಡಸದ್ದು. ಆದರೆ ಭೂಮಿಗೆ ಕೊಡುವ ಬಿಡುವನ್ನು ಮನೆಯ ಹೆಂಗಸರಿಗೂ ಕೊಡದಿದ್ದರೆ ಆಚರಣೆ ಅರ್ಧವೇ ಸರಿ. ಗಂಡಸರು, ಬೆಳೆದ ಮಕ್ಕಳು ಒಲೆಯ ಸರದಿ ಹಂಚಿಕೊಳ್ಳುವುದು ಈ ಋತುವಿನ ಆರೋಗ್ಯ ಕ್ರಮಗಳಲ್ಲಿ ಮೊದಲ ಸಾಲಿನದ್ದು.

ಹೀಗೆ ಎಲ್ಲವನ್ನೂ ಮುಂದಿಟ್ಟು ನೋಡಿದರೆ ಉಳಿಸಿಕೊಳ್ಳಬೇಕಾದ್ದು ಸ್ಪಷ್ಟ: ಹುಗ್ಗಿ, ಹುರುಳಿ, ಗುಳ್ಳ, ಬೂತಾಯಿ, ನೆಲ್ಲಿಕಾಯಿ, ಸ್ನಾನದ ಮೇಲಿನ ಎಣ್ಣೆ, ಸಂಜೆಯ ಬೇಗದ ಊಟ. ಕಡಿಮೆ ಮಾಡಬೇಕಾದ್ದು ಕರಿದ ತಿನಿಸು, ಉಪ್ಪು, ಬೆಲ್ಲವೆಂಬ ನೆಪದ ಸಕ್ಕರೆ, ತರಗೆಲೆಯ ಹೊಗೆ. ಹೊಸದಾಗಿ ಕಲಿಯಬೇಕಾದ್ದು ನಿದ್ದೆಗೆ ಲೆಕ್ಕ ಇಡುವುದು, ಜ್ವರಕ್ಕೆ ತಡಮಾಡದೆ ವೈದ್ಯರನ್ನು ಕಾಣುವುದು, ಮನೆಗೆಲಸ ಹಂಚಿಕೊಳ್ಳುವುದು. ಇವುಗಳಲ್ಲಿ ಹೆಚ್ಚಿನವಕ್ಕೆ ಹಣ ಬೇಡ. ಉಣ್ಣೆ ಟೊಪ್ಪಿಯ ಮಕ್ಕಳು ಚಮಚ ಎತ್ತಿ ತೋರಿಸುವ ಡಬ್ಬಿಗೆ ಇಡುವ ದುಡ್ಡಿನಲ್ಲಿ ಸಂತೆಯಿಂದ ಒಂದು ವಾರದ ಸೊಪ್ಪು, ತರಕಾರಿ ತಂದರೆ ಈ ಊರಿನ ಚಳಿಗಾಲಕ್ಕೆ ಅದೇ ಹೆಚ್ಚು ಹೊಂದುತ್ತದೆ.